ಪಿಕಪ್‌ಗೆ ಹೊರಗಿನ ಟ್ರಾನ್ಸ್‌ಮಿಷನ್ ಕೂಲರ್: ಯಾವ ಪೈಪಿಗೆ ಸೇರಿಸೋದು?

ಪ್ರಶ್ನೆ: ಟೆಕ್ಸಾಸ್‌ನಲ್ಲಿ ಟ್ರೈಲರ್ ಎಳೆಯುವಾಗ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್ 230 ಡಿಗ್ರಿ ಫ್ಯಾರನ್‌ಹೀಟ್ ದಾಟ್ತಿದೆ. ಆಯಿಲ್ ತಣಿಸೋಕೆ ಪ್ಲೇಟ್ ಕೂಲರ್ ತಂದಿದೀನಿ. ಗೇರ್‌ಬಾಕ್ಸ್‌ನಿಂದ ರೇಡಿಯೇಟರ್‌ಗೆ ಹೋಗಿ ಬರೋ ಎರಡು ಪೈಪಲ್ಲಿ ಯಾವುದನ್ನ ಕತ್ತರಿಸಲಿ?

ಉತ್ತರ 1: ರೇಡಿಯೇಟರ್‌ನಿಂದ ಗೇರ್‌ಬಾಕ್ಸ್‌ಗೆ ವಾಪಸ್ ಬರೋದು. ತಣ್ಣಗಿರೋ ಗಾಡಿ ಸ್ಟಾರ್ಟ್ ಮಾಡಿ ಮುಟ್ಟಿ ನೋಡಿ. ಮೊದಲು ಬಿಸಿಯಾಗೋದು ಹೋಗೋ ಪೈಪು, ಅದನ್ನ ಬಿಡಿ. ಕತ್ತರಿಸಿದ ಸ್ಟೀಲ್ ಪೈಪಿನ ತುದಿಯನ್ನ ಸ್ವಲ್ಪ ಉಬ್ಬಿಸಿ. ನುಣ್ಣಗೆ ಬಿಟ್ರೆ ಕ್ಲಾಂಪ್ ಎಷ್ಟು ಬಿಗಿದರೂ ಒತ್ತಡಕ್ಕೆ ಹೋಸ್ ಜಾರುತ್ತೆ. ಟ್ರಾನ್ಸ್‌ಮಿಷನ್ ಆಯಿಲ್‌ಗೆ ಅಂತಲೇ ಬರೋ ಹೋಸ್ ಹಾಕಿ, ನೀರಿನ ಹೋಸ್ ಬೇಡವೇ ಬೇಡ.

ಉತ್ತರ 2: ಕಿಟ್ ಜೊತೆ ಬರೋ ಪ್ಲಾಸ್ಟಿಕ್ ಟೈ ಎಸೀರಿ! ಅದರಲ್ಲಿ ಕಟ್ಟಿದ್ರೆ ಕೂಲರ್ ಅಲುಗಾಡಿ, ಪಕ್ಕದ ಎಸಿ ಕಂಡೆನ್ಸರ್ ತೂತಾಗುತ್ತೆ. ಬ್ರಾಕೆಟ್ ಹಾಕಿ, ಎರಡರ ನಡುವೆ ಸ್ವಲ್ಪ ಗಾಳಿಗೆ ಜಾಗ ಬಿಡಿ.

ಉತ್ತರ 3: ಆಮೇಲೆ ಆಯಿಲ್ ಮಟ್ಟ ಇಳಿದಿರುತ್ತೆ. ಮ್ಯಾನ್ಯುಯಲ್ ಹೇಳಿದ ಉಷ್ಣತೆಯಲ್ಲೇ ಅಳೆದು, ಸ್ವಲ್ಪಸ್ವಲ್ಪವೇ ಸೇರಿಸಿ. ಹೆಚ್ಚಾದ್ರೆ ನೊರೆ ಬರುತ್ತೆ.