ಮುಖ ಸ್ಕ್ಯಾನ್ ಬೇಡ ಅನ್ನುವ ಹಕ್ಕು ನಮಗಿದೆಯಾ?

ಪ್ರಶ್ನೆ: ನಮ್ಮ ಕಚೇರಿ ಬಾಗಿಲಲ್ಲಿ ಮುಖ ಗುರುತಿಸುವ ಕ್ಯಾಮೆರಾ ಹಾಕಿದ್ದಾರೆ. ಬೇಡ ಅಂದ ಸಹೋದ್ಯೋಗಿಗೆ ಎರಡು ದಿನ ಹಾಜರಿಯೇ ಸಿಗಲಿಲ್ಲ. ಹೆಸರಿನ ಮುಂದೆ ಕೆಂಪು ಗೆರೆ ನೋಡಿ ಹೊಟ್ಟೆ ಉರಿಯಿತು. ವಿಶ್ವಸಂಸ್ಥೆಯ 1948ರ ಮಾನವ ಹಕ್ಕುಗಳ ಘೋಷಣೆ ಹಿಡಿದು ಕೇಳಬಹುದಾ?

ಉತ್ತರ 1: ಅದರ 12ನೇ ವಿಧಿ ಖಾಸಗಿ ಬದುಕಿನ ಬಗ್ಗೆಯೇ ಇದೆ. ಆದರೆ ಘೋಷಣೆ ಕಾನೂನಾಗಿ ಕಟ್ಟಿಹಾಕುವ ಒಪ್ಪಂದವಲ್ಲ. 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಪ್ಪಂದದ 17ನೇ ವಿಧಿಯಲ್ಲೂ ಅದೇ ಮಾತಿದೆ. ತೊಡಕು ಏನೆಂದರೆ, ಅದು ಕಟ್ಟಿಹಾಕುವುದು ಸರ್ಕಾರಗಳನ್ನು, ಕಂಪನಿಯನ್ನು ನೇರವಾಗಿ ಅಲ್ಲ. ಹಾಗಾಗಿ ನಿಮ್ಮ ದೇಶದ ಕಾನೂನು ಮೊದಲು ನೋಡಿ.

ಉತ್ತರ 2: ಸುಮ್ನೆ ಇರಬೇಡಿ. ಆ ಚಿತ್ರ ಎಲ್ಲಿಡುತ್ತಾರೆ, ಎಷ್ಟು ದಿನ, ಯಾರು ನೋಡುತ್ತಾರೆ ಅಂತ ಬರವಣಿಗೆಯಲ್ಲಿ ಕೇಳಿ. ಪಾಸ್‌ವರ್ಡ್ ಸೋರಿದರೆ ಬದಲಾಯಿಸಬಹುದು. ಮುಖ ಆಗಲ್ಲ ಅಲ್ವಾ?

ಕೇಳಿದವರು: ಪತ್ರ ಇವತ್ತೇ ಬರೆಯುತ್ತೇನೆ. ಆ ಸಹೋದ್ಯೋಗಿಯೂ ಸಹಿ ಹಾಕುತ್ತಾರಂತೆ.