‘ಕೆಲಸ ಬಿಟ್ಟರು’ ಅನ್ನೋದಕ್ಕೆ ಕೂಲಿಯೋ, ಗೇಮೆಯೋ?

ಎಲ್ಲರಿಗೂ ನಮಸ್ಕಾರ.

ಬೇಸಿಕ್ ಇನ್‌ಕಮ್ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಷರತ್ತಿಲ್ಲದೆ ಎಲ್ಲರ ಕೈಗೂ ತಿಂಗಳು ತಿಂಗಳು ದುಡ್ಡು ಕೊಡುವ ವಿಚಾರ. ‘ಮೂಲ ಆದಾಯ’ ಅಂತ ಬರೆಯುವವರಿದ್ದಾರೆ. ಆದರೆ ನಮ್ಮ ಮಂಡ್ಯದ ಕಡೆ ದುಡಿಯದೆ ಬಂದದ್ದನ್ನು ಆದಾಯ ಅನ್ನೋಕೆ ನಾಲಿಗೆ ಏಳೋದಿಲ್ಲ. ‘ಮಾಸಾಶನ’ ಅಂದರೆ ವಯಸ್ಸಾದ ಕಲಾವಿದರು ನೆನಪಾಗುತ್ತಾರೆ. ನನಗೆ ‘ತಿಂಗಳ ಪಡಿ’ ಹಿಡಿಸಿದೆ. ಊಟಕ್ಕೆಂದು ಅಳೆದು ಕೊಡುವ ಕಾಳು ಪಡಿ; ಪಡಿತರ ಚೀಟಿಯಲ್ಲಿ ಇನ್ನೂ ಉಳಿದಿದೆ.

ನಾನು ನಿಜಕ್ಕೂ ಸಿಕ್ಕಿಕೊಂಡಿರುವುದು ಇನ್ನೊಂದು ಕಡೆ. ದುಡ್ಡು ಸುಮ್ನೆ ಬಂದರೆ ಜನ ‘ಕೆಲಸ’ ಬಿಡುತ್ತಾರಾ ಅನ್ನೋದು ಬರಹದ ಮುಖ್ಯ ಪ್ರಶ್ನೆ. ಇಲ್ಲಿ ಯಾವ ಕೆಲಸ?

ಪಾಂಡವಪುರದ ಹತ್ತಿರ ನಮ್ಮ ಅತ್ತೆ ಇದ್ದಾರೆ. ಅವರಿಗೆ ಗೃಹಲಕ್ಷ್ಮಿಯ 2000 ರೂಪಾಯಿ ಬರುತ್ತದೆ. ಅದು ಮನೆಯೊಡತಿಗೆ ಮಾತ್ರ, ಎಲ್ಲರಿಗೂ ಅಲ್ಲ, ಆದರೂ ನೋಡಿ. ಮೊದಲು ಬೇರೆಯವರ ಗದ್ದೆಗೆ ನಾಟಿಗೆ, ಕಳೆ ಕೀಳೋಕೆ ಹೋಗುತ್ತಿದ್ದರು. ರೇಷ್ಮೆ ಹುಳ ಹಣ್ಣಾದಾಗ, ಅವು ಗೂಡು ಕಟ್ಟೋಕೆ ಬೇಕಾದ ಬಿದಿರಿನ ತಟ್ಟೆ, ಅಂದರೆ ಚಂದ್ರಿಕೆಯನ್ನು ಬಾಡಿಗೆಗೆ ತರುತ್ತಿದ್ದರು. ಈಗ ಸ್ವಂತದ್ದು ಆರು ಚಂದ್ರಿಕೆ ಗೋಡೆಗೆ ಒರಗಿವೆ. “ಕೂಲಿಗೆ ಹೋಗೋದ ಬುಟ್ಟಿವ್ನಿ, ಗೇಮೆ (ಸ್ವಂತ ಕೆಲಸ) ಬುಟ್ಟಿಲ್ಲ ಕಣ್ ಮಗ” ಅಂದರು. ರಾತ್ರಿ ಹನ್ನೊಂದಕ್ಕೆ ಎದ್ದು ಹುಳಕ್ಕೆ ಸೊಪ್ಪು ಹಾಕುವವರು ಅವರು. ಅವರನ್ನು ‘ಕೆಲಸ ಬಿಟ್ಟವರು’ ಅಂತ ಬರೆಯೋಕೆ ನನಗೆ ಮನಸ್ಸಿಲ್ಲ.

2011ರಲ್ಲಿ ‘ಸೇವಾ’ (SEWA) ಅನ್ನೋ ದುಡಿಯುವ ಹೆಣ್ಣುಮಕ್ಕಳ ಸಂಘಟನೆಯವರು ಮಧ್ಯಪ್ರದೇಶದ ಕೆಲವು ಹಳ್ಳಿಗಳಲ್ಲಿ ಈ ತಿಂಗಳ ಪಡಿಯ ಪ್ರಯೋಗ ಮಾಡಿದರು. ದೊಡ್ಡವರಿಗೆ ತಿಂಗಳಿಗೆ ಮೊದಲು 200, ಆಮೇಲೆ 300 ರೂಪಾಯಿ. ಅಲ್ಲೂ ಜನ ಕೂಲಿಯಿಂದ ಸ್ವಂತ ಹೊಲದ ಕಡೆಗೆ ತಿರುಗಿದರು. ಅಂದರೆ ಗೇಮೆಗೆ ಬಂದರು, ಅಲ್ವಾ? ಫಿನ್‌ಲ್ಯಾಂಡ್‌ನಲ್ಲಿ 2017–18ರಲ್ಲಿ 2000 ನಿರುದ್ಯೋಗಿಗಳಿಗೆ ತಿಂಗಳಿಗೆ 560 ಯೂರೋ ಕೊಟ್ಟಾಗ, ಅವರು ದುಡಿದ ದಿನಗಳು ಸ್ವಲ್ಪ ಜಾಸ್ತಿಯೇ ಆದವು. ಅಲ್ಲಿಗೆ ‘ಗೇಮೆ’ ಹೊಂದೋದಿಲ್ಲ, ‘ದುಡಿಮೆ’ ಸಾಕು.

ಗೇಮೆ ಹಳಗನ್ನಡದ ‘ಗೆಯ್’ನಿಂದ ಬಂದದ್ದು, ಮಾಡು ಅಂತಲೇ ಅರ್ಥ. ನಮ್ಮಲ್ಲಿ ಅದು ಹೊಲ, ಮನೆ, ಹಟ್ಟಿಯ ಸ್ವಂತ ಕೆಲಸಕ್ಕೆ ನಿಂತಿದೆ. ಧಾರವಾಡ, ಕರಾವಳಿಯ ಓದುಗರಿಗೆ ಈ ಪದ ತಿಳಿಯುತ್ತದೆಯೇ? ಕೂಲಿಯಲ್ಲದ ಇಂಥ ಸ್ವಂತ ದುಡಿಮೆಗೆ ನಿಮ್ಮೂರಲ್ಲಿ ಏನಂತಾರೆ?