ಅತ್ತೆ-ಮಾವ, ಇಬ್ಬರು ಮಕ್ಕಳು, ಒಂದು ಆರ್‌ವಿ: ಮಿಶಿಗನ್‌ನಲ್ಲಿ ಯಾವ ಲೇಕ್ ಪಕ್ಕ ಇಳಿಯುವುದು?

ಪ್ರಶ್ನೆ (ನೋವೈ ಊರಿನ ಸದಸ್ಯೆ): ನಮಸ್ಕಾರ ಸರ್. ನೀವು ಇಲ್ಲಿ ಬಹಳ ವರ್ಷದಿಂದ ಆರ್‌ವಿ (ಹಾಸಿಗೆ, ಅಡುಗೆಮನೆ, ಟಾಯ್ಲೆಟ್ ಎಲ್ಲ ಇರುವ ಗಾಡಿ) ಬಾಡಿಗೆಗೆ ಕೊಡುತ್ತಿದ್ದೀರಿ ಎಂದು ಗೊತ್ತಾಯಿತು. ಆಗಸ್ಟ್‌ನಲ್ಲಿ ಅತ್ತೆ-ಮಾವ ದಾವಣಗೆರೆಯಿಂದ ಬರುತ್ತಿದ್ದಾರೆ. ಮಕ್ಕಳಿಗೆ 4 ಮತ್ತು 9 ವರ್ಷ. ಒಟ್ಟು ಆರು ಜನ. ನೀರಿನ ಪಕ್ಕ ಮೂರು ರಾತ್ರಿ ಇರಬೇಕು ಅಂತ ಆಸೆ. ಅತ್ತೆಗೆ ಮಂಡಿನೋವು. ನಾವು ಇದುವರೆಗೆ ಆರ್‌ವಿ ಓಡಿಸಿದವರಲ್ಲ. ಫೋಟೋದಲ್ಲಿ ಎಲ್ಲ ಕ್ಯಾಂಪ್‌ಗ್ರೌಂಡೂ ಚೆನ್ನಾಗಿಯೇ ಕಾಣುತ್ತದೆ. ಹೇಗೆ ಆರಿಸುವುದು?

ಉತ್ತರ: ನಮಸ್ಕಾರ. ಫೋಟೋ ಪಕ್ಕಕ್ಕಿಡಿ. ನಿಮ್ಮ ಮನೆಯಲ್ಲಿ ನೀರಿಗೆ ಮೊದಲು ಓಡುವವರು ಯಾರು, ನಡೆಯಲು ಕಷ್ಟಪಡುವವರು ಯಾರು? ಆ ಇಬ್ಬರಿಗೆ ಸರಿಹೋಗುವ ಜಾಗ ಉಳಿದ ನಾಲ್ವರಿಗೂ ಸರಿಹೋಗುತ್ತದೆ.

ಮೊದಲು ನೀರು. ಮಿಶಿಗನ್ ಸರೋವರ ಹೆಸರಿಗೆ ಸರೋವರ, ಸ್ವಭಾವದಲ್ಲಿ ಸಮುದ್ರ. ಗಾಳಿ ಎದ್ದರೆ ದೊಡ್ಡ ಅಲೆ ಬರುತ್ತದೆ, ಒಳಕ್ಕೆ ಎಳೆಯುವ ಸೆಳೆತವೂ ಇರುತ್ತದೆ. ಬೀಚಿನಲ್ಲಿ ಬಾವುಟ ಹಾಕಿರುತ್ತಾರೆ. ಹಸಿರು, ಹಳದಿ, ಕೆಂಪು. ಎರಡು ಕೆಂಪು ಬಾವುಟ ಕಂಡರೆ ನೀರಿಗೆ ಇಳಿಯುವಂತೆಯೇ ಇಲ್ಲ. ಜೀವರಕ್ಷಕರು ಇರುತ್ತಾರೆ ಎಂದು ನೆಚ್ಚಿಕೊಳ್ಳಬೇಡಿ. ಮೂರೇ ದಿನದ ಪ್ರವಾಸದಲ್ಲಿ ಎರಡು ದಿನ ಕೆಂಪು ಬಾವುಟ ಬಂದರೆ 4 ವರ್ಷದ ಮಗುವನ್ನು ದಡದಲ್ಲಿ ಹಿಡಿದು ಕೂರಿಸುವುದು ಎಷ್ಟು ಕಷ್ಟ, ಅಲ್ವಾ?

ಅದಕ್ಕೇ ನಿಮಗೆ ಒಳನಾಡಿನ ಲೇಕ್ ಒಳ್ಳೆಯದು. ನನ್ನ ಮೊದಲ ಆಯ್ಕೆ ಹಿಗಿನ್ಸ್ ಲೇಕ್ ದಡದ ಸೌತ್ ಹಿಗಿನ್ಸ್ ಲೇಕ್ ಸ್ಟೇಟ್ ಪಾರ್ಕ್ (ರಾಜ್ಯ ಸರ್ಕಾರದ ಉದ್ಯಾನ). ನೋವೈಯಿಂದ ಕಾರಿನಲ್ಲಿ ಎರಡೂವರೆ ಗಂಟೆ, ಆರ್‌ವಿಯಲ್ಲಿ ಮೂರು ಎಂದುಕೊಳ್ಳಿ. ದಾರಿ ಬಹುಪಾಲು ಹೆದ್ದಾರಿಯೇ, ಹೊಸಬರಿಗೆ ಅದು ದೊಡ್ಡ ಅನುಕೂಲ. ನೀರು ತಳ ಕಾಣುವಷ್ಟು ತಿಳಿ. ದಡದಿಂದ ತುಂಬ ದೂರದವರೆಗೆ ಆಳ ಕಡಿಮೆ, ಕೆಳಗೆ ಮರಳು. ಆದರೆ ಮುಂದೆ ಹೋದಂತೆ ನೆಲ ಒಮ್ಮೆಗೇ ಇಳಿದುಬಿಡುತ್ತದೆ. ಅಲ್ಲಿ ನೀರಿನ ಬಣ್ಣ ತಿಳಿ ಹಸಿರಿನಿಂದ ಕಡು ನೀಲಿಗೆ ತಿರುಗುವುದು ಕಣ್ಣಿಗೇ ಕಾಣುತ್ತದೆ. 9 ವರ್ಷದವರಿಗೆ ಮೊದಲ ದಿನವೇ ಆ ಗೆರೆ ತೋರಿಸಿ. ಚಿಕ್ಕ ಮಗುವಿಗೆ ಕೋಸ್ಟ್ ಗಾರ್ಡ್ ಒಪ್ಪಿದ ಲೈಫ್ ಜಾಕೆಟ್ ಹಾಕಿ. ಗಾಳಿ ತುಂಬಿ ತೋಳಿಗೆ ಹಾಕುವುದನ್ನು ನಂಬಬೇಡಿ.

ಹಿಗಿನ್ಸ್‌ನಲ್ಲಿ ಇನ್ನೊಂದು ವಿಷಯ ಗೊತ್ತಿರಲಿ. ಬೇಸಿಗೆಯಲ್ಲಿ ಕೆಲವರಿಗೆ ಈಜಿದ ಮೇಲೆ ಮೈ ತುರಿಸುತ್ತದೆ. ಬಸವನಹುಳು ಮತ್ತು ನೀರುಹಕ್ಕಿಗಳಲ್ಲಿ ಬೆಳೆಯುವ ಒಂದು ಸಣ್ಣ ಪರಾವಲಂಬಿಯಿಂದ ಅದು ಬರುತ್ತದೆ. ಮನುಷ್ಯರ ಮೈಯಲ್ಲಿ ಅದು ಬದುಕುವುದಿಲ್ಲ, ಗಂದೆಗಳು ಕೆಲವು ದಿನದಲ್ಲಿ ತಾವಾಗಿಯೇ ಹೋಗುತ್ತವೆ. ಮಕ್ಕಳು ನೀರಿನಿಂದ ಹೊರಬಂದ ಕೂಡಲೇ ಟವೆಲ್‌ನಿಂದ ಚೆನ್ನಾಗಿ ಒರೆಸಿ. ಬಾತುಕೋಳಿಗೆ ಬ್ರೆಡ್ ಹಾಕಲು ಬಿಡಬೇಡಿ, ಹಕ್ಕಿ ಬಂದಷ್ಟೂ ತುರಿಕೆ ಜಾಸ್ತಿ.

ಇನ್ನೊಬ್ಬ ಸದಸ್ಯರು (ಟ್ರಾಯ್): ಸರ್, ಲಡಿಂಗ್ಟನ್ ಸ್ಟೇಟ್ ಪಾರ್ಕ್ ಯಾಕೆ ಬೇಡ? ನಾವು ಹೋಗಿದ್ದೆವು, ಮರೆಯಲಾಗದ ಜಾಗ.

ಉತ್ತರ: ನನಗೂ ಬಹಳ ಇಷ್ಟದ ಜಾಗ ಅದು. ಒಂದು ಕಡೆ ಮಿಶಿಗನ್ ಸರೋವರ, ಇನ್ನೊಂದು ಕಡೆ ಹ್ಯಾಮ್ಲಿನ್ ಲೇಕ್, ನಡುವೆ ಬಿಗ್ ಸೇಬಲ್ ನದಿ. ದೊಡ್ಡ ಸರೋವರದಲ್ಲಿ ಅಲೆ ಇದ್ದರೆ ಮಕ್ಕಳನ್ನು ಹ್ಯಾಮ್ಲಿನ್ ಕಡೆಗೆ ಕರೆದುಕೊಂಡು ಹೋಗಬಹುದು. ಅಲ್ಲಿ ಆಳ ಕಡಿಮೆ, ನೀರೂ ಬೆಚ್ಚಗಿರುತ್ತದೆ. ಆದರೆ ನೋವೈಯಿಂದ ನಾಲ್ಕು ಗಂಟೆ ಆಗುತ್ತದೆ, ಮೊದಲ ಸಲ ಓಡಿಸುವವರಿಗೆ ಅದು ಜಾಸ್ತಿಯೇ. 1867ರ ಬಿಗ್ ಸೇಬಲ್ ದೀಪಸ್ತಂಭ ನೋಡಲು ಹೋಗಿ ಬರಲು ಎರಡೆರಡು ಮೈಲಿಯ ಹತ್ತಿರ ನಡೆಯಬೇಕು. ಎಲ್ಲರೂ ಹೋಗಿ ಅತ್ತೆಯವರೊಬ್ಬರೇ ಉಳಿಯುವುದು ಬೇಡ ಅನ್ನಿಸಿತು. ಎರಡನೇ ಪ್ರವಾಸಕ್ಕೆ ಇಟ್ಟುಕೊಳ್ಳಿ.

ಪ್ರಶ್ನೆ (ನೋವೈ): ಥ್ಯಾಂಕ್ಸ್ ಸರ್. ಹಾಗಾದರೆ ನೀರಿಗೆ ಹತ್ತಿರದ ಸೈಟೇ (ಗಾಡಿ ನಿಲ್ಲಿಸಿ ಇಳಿದುಕೊಳ್ಳುವ ಜಾಗ) ತೆಗೆದುಕೊಳ್ಳಲಾ?

ಉತ್ತರ: ಬೇಡ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ನನ್ನ ಮಗಳಿಗೆ ಮೂರು ವರ್ಷವಿದ್ದಾಗ ಒಂದು ಕಡೆ ದಡಕ್ಕೆ ಅಂಟಿದ ಸೈಟ್ ಹಿಡಿದಿದ್ದೆ. ಬಾಗಿಲಿನಿಂದ ನೀರಿಗೆ ಇಪ್ಪತ್ತು ಹೆಜ್ಜೆ. ರಾತ್ರಿ ಎರಡು ಸಲ ಎದ್ದು ಚಿಲಕ ನೋಡಿದೆ. ಹಗಲಲ್ಲಿ ನಾನಾಗಲಿ ನನ್ನ ಹೆಂಡತಿಯಾಗಲಿ ಒಂದು ಲೋಟ ಕಾಫಿ ನೆಮ್ಮದಿಯಾಗಿ ಕುಡಿಯಲಿಲ್ಲ. ಅಲ್ಲಿಂದ ಮೇಲೆ ಚಿಕ್ಕ ಮಕ್ಕಳಿರುವವರಿಗೆಲ್ಲ ಎರಡು ಮೂರು ಸಾಲು ಹಿಂದೆ, ಮರದ ನೆರಳಿರುವ ಸೈಟ್ ಹಿಡಿಯಿರಿ ಎನ್ನುತ್ತೇನೆ. ನೆರಳಿದ್ದರೆ ಏಸಿಗೂ ಕೆಲಸ ಕಡಿಮೆ.

ನಕ್ಷೆಯಲ್ಲಿ ಶೌಚಾಲಯ ಮತ್ತು ಸ್ನಾನದ ಕಟ್ಟಡ ಹುಡುಕಿ. ಅದಕ್ಕೆ ಹತ್ತಿರ ಇರಿ, ಆದರೆ ಎದುರಿಗೇ ಬೇಡ. ರಾತ್ರಿಯೆಲ್ಲ ದೀಪ, ಓಡಾಟ ಇರುತ್ತದೆ. ಸೈಟಿನ ಉದ್ದ ನಿಮ್ಮ ಗಾಡಿಗಿಂತ ಜಾಸ್ತಿ ಇರಲಿ. ಹಿಂದಕ್ಕೆ ತೆಗೆಯುವಾಗ ಒಬ್ಬರು ಕೆಳಗಿಳಿದು ಕೈ ತೋರಿಸಲೇಬೇಕು.

ಆರು ಜನಕ್ಕೆ ಕ್ಲಾಸ್ ಸಿ ಗಾಡಿ, ಅಂದರೆ ಡ್ರೈವರ್ ಸೀಟಿನ ಮೇಲೂ ಹಾಸಿಗೆ ಇರುವ ಮಧ್ಯಮ ಗಾತ್ರದ ಆರ್‌ವಿ, ಸಾಕು. ಯಾರು ಎಲ್ಲಿ ಮಲಗುತ್ತೀರಿ ಎಂದು ಬುಕ್ ಮಾಡುವ ಮೊದಲೇ ಮಾತಾಡಿಕೊಳ್ಳಿ. ಡ್ರೈವರ್ ಸೀಟಿನ ಮೇಲಿನ ಹಾಸಿಗೆಗೆ ಏಣಿ ಹತ್ತಬೇಕು. ಅದು 9 ವರ್ಷದವರಿಗೆ. ಹಿಂದಿನ ಹಾಸಿಗೆ ಅತ್ತೆ-ಮಾವನಿಗೆ, ಅಲ್ಲಿಂದ ಗಾಡಿಯೊಳಗಿನ ಟಾಯ್ಲೆಟ್ ಸಾಮಾನ್ಯವಾಗಿ ಎರಡೇ ಹೆಜ್ಜೆ. ಊಟದ ಮೇಜು ಮಡಚಿದರೆ ಆಗುವ ಹಾಸಿಗೆ ನಿಮಗೆ, ಚಿಕ್ಕ ಮಗು ನಿಮ್ಮ ಜೊತೆ. ಜಾಗ ಇಕ್ಕಟ್ಟಾಗುತ್ತದೆ, ಮೂರು ರಾತ್ರಿ ತಡೆದುಕೊಳ್ಳಬಹುದು.

ಪ್ರಶ್ನೆ (ಶಿಕಾಗೋದಿಂದ ಇನ್ನೊಬ್ಬರು): ಸ್ಟೇಟ್ ಪಾರ್ಕ್‌ಗಿಂತ ಖಾಸಗಿ ಕ್ಯಾಂಪ್‌ಗ್ರೌಂಡ್ ವಾಸಿಯಾ?

ಉತ್ತರ: ಎರಡಕ್ಕೂ ಜಾಗವಿದೆ. ಇಲ್ಲಿನ ಸ್ಟೇಟ್ ಪಾರ್ಕ್‌ಗಳಲ್ಲಿ ಬಹುಪಾಲು ಸೈಟುಗಳಿಗೆ ಕರೆಂಟ್ ಮಾತ್ರ. ನೀರನ್ನು ಮೊದಲೇ ತುಂಬಿಸಿಕೊಂಡು, ಕೊಳೆ ನೀರನ್ನು ಹೊರಡುವಾಗ ಡಂಪ್ ಸ್ಟೇಷನ್‌ನಲ್ಲಿ (ಕೊಳೆ ನೀರು ಸುರಿಯುವ ಜಾಗ) ಖಾಲಿ ಮಾಡಬೇಕು. ಆರು ಜನ ಗಾಡಿಯೊಳಗೇ ಸ್ನಾನ ಮಾಡಿದರೆ ಕೊಳೆ ನೀರಿನ 30–40 ಗ್ಯಾಲನ್ ಟ್ಯಾಂಕ್ ಬೇಗ ತುಂಬುತ್ತದೆ. ಪಾರ್ಕಿನ ಸ್ನಾನದ ಮನೆ ಬಳಸಿ. ಕೆಓಎ ಎಂಬ ಕ್ಯಾಂಪ್‌ಗ್ರೌಂಡ್ ಕಂಪನಿಯ ಥರದ ಖಾಸಗಿ ಜಾಗಗಳಲ್ಲಿ ನೀರು, ಕರೆಂಟ್, ಡ್ರೈನೇಜ್ ಮೂರೂ ಸೈಟಿಗೇ ಬರುವುದುಂಟು. ಎಷ್ಟೋ ಕಡೆ ಈಜುಕೊಳ, ಕ್ಯಾಬಿನ್‌ಗಳೂ ಇರುತ್ತವೆ. ಹಿರಿಯರಿಗೆ ಆರ್‌ವಿ ಮೆಟ್ಟಿಲು ಹತ್ತಲು ಆಗದಿದ್ದರೆ ಪಕ್ಕದಲ್ಲೇ ಕ್ಯಾಬಿನ್ ಹಿಡಿಯಿರಿ. ಆದರೆ ನೀರಿನ ದಡ, ಕಾಡು, ನಡೆಯುವ ದಾರಿ ಸ್ಟೇಟ್ ಪಾರ್ಕ್‌ಗಳಲ್ಲೇ ಚೆನ್ನಾಗಿರುತ್ತದೆ ಎಂದು ನನ್ನ ಅಭಿಪ್ರಾಯ.

ಪ್ರಶ್ನೆ (ನೋವೈ): ಅಡುಗೆ? ಅತ್ತೆಗೆ ಹೊರಗಿನ ಊಟ ಆಗುವುದಿಲ್ಲ.

ಉತ್ತರ: ಸೈಟ್ ಬುಕ್ ಮಾಡುವಾಗ ಕರೆಂಟ್ ಎಷ್ಟು ಆಂಪ್ ಎಂದು ನೋಡಿ, ಒಟ್ಟಿಗೆ ಎಷ್ಟು ಬಳಸಬಹುದು ಎಂಬುದು ಅದರಿಂದ ಗೊತ್ತಾಗುತ್ತದೆ. 30 ಆಂಪ್ ಎಂದರೆ ಒಟ್ಟು 3600 ವ್ಯಾಟ್. ಏಸಿಗೇ 13 ಆಂಪ್ ಹತ್ತಿರ ಬೇಕು, ಇಂಡಕ್ಷನ್ ಒಲೆಗೆ ಪೂರ್ತಿ ಉರಿಯಲ್ಲಿ 15. ಮೈಕ್ರೋವೇವೂ ಹಾಕಿದರೆ ಬ್ರೇಕರ್ ಬೀಳುತ್ತದೆ. ಒಗ್ಗರಣೆ ಗಾಡಿಯೊಳಗೆ ಹಾಕಬೇಡಿ, ಒಣಮೆಣಸಿನಕಾಯಿ ಘಾಟಿಗೆ ಹೊಗೆ ಅಲಾರಂ ಕೂಗುತ್ತದೆ. ಗ್ಯಾಸ್ ಸ್ಟವ್ ಹೊರಗಿನ ಮೇಜಿನ ಮೇಲಿಡಿ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಉಪ್ಪಿಟ್ಟಿಗೆ ಹುರಿದ ರವೆ ಮನೆಯಿಂದಲೇ ತನ್ನಿ. ಎಣ್ಣೆ, ಅನ್ನದ ಅಗುಳು ಸಿಂಕಿಗೆ ಹೋಗದಿರಲಿ.

ಸೌದೆ ಮಾತ್ರ ಮನೆಯಿಂದ ತರಬೇಡಿ, ಅಲ್ಲೇ ಕೊಳ್ಳಿ. 2002ರಲ್ಲಿ ಡೆಟ್ರಾಯಿಟ್ ಸುತ್ತಮುತ್ತ ಪತ್ತೆಯಾದ ಒಂದು ಹಸಿರು ಕೊರಕ ಹುಳು ಹೀಗೆ ಸೌದೆಯ ಜೊತೆ ಊರೂರಿಗೆ ಹರಡಿ ಕೋಟಿಗಟ್ಟಲೆ ಆಶ್ ಮರಗಳನ್ನು ಕೊಂದಿದೆ.

ಸ್ಟೇಟ್ ಪಾರ್ಕ್ ಬುಕಿಂಗ್ ಆರು ತಿಂಗಳು ಮುಂಚೆ ಬೆಳಗ್ಗೆ 8ಕ್ಕೆ ತೆರೆಯುತ್ತದೆ. ಈಗ ಮಾರ್ಚ್, ಆಗಸ್ಟ್‌ನ ಶುಕ್ರವಾರ, ಶನಿವಾರ ಸಿಗುವುದು ಕಷ್ಟ. ಭಾನುವಾರದಿಂದ ಬುಧವಾರದವರೆಗೆ ಹುಡುಕಿ. ಯಾರಾದರೂ ರದ್ದು ಮಾಡುತ್ತಲೇ ಇರುತ್ತಾರೆ, ದಿನಾ ನೋಡುತ್ತಿರಿ. ಪಾರ್ಕ್ ಪ್ರವೇಶಕ್ಕೆ ರಿಕ್ರಿಯೇಷನ್ ಪಾಸ್‌ಪೋರ್ಟ್ ಎಂಬ ವಾಹನದ ಪಾಸ್ ಬೇರೆ ಬೇಕು.

ಪ್ರಶ್ನೆ (ನೋವೈ, ಮೂರು ದಿನದ ನಂತರ): ಸರ್, ಹಿಗಿನ್ಸ್‌ನಲ್ಲಿ ಭಾನುವಾರದಿಂದ ಮೂರು ರಾತ್ರಿ ಸಿಕ್ಕಿತು! ಮೂರನೇ ಸಾಲು, ನೆರಳಿದೆ. ಅತ್ತೆಗೆ ಹೇಳಿದೆ. ಸಂಜೆ ನೀರಿನ ಹತ್ತಿರ ಸುಮ್ನೆ ಕೂರೋಕೆ ಆಗುತ್ತಾ ಅಂತ ಕೇಳುತ್ತಿದ್ದಾರೆ.

ಉತ್ತರ: ಬಹಳ ಸಂತೋಷ. ಖಂಡಿತ ಕೂರಬಹುದು. ಆಗಸ್ಟ್ ಮೊದಲ ವಾರದಲ್ಲಿ ಸೂರ್ಯ ಮುಳುಗುವುದೇ ರಾತ್ರಿ 9ರ ಹತ್ತಿರ. ಅವರಿಗೆ ಅಂತ ಕೈ ಇರುವ, ಎತ್ತರದ ಮಡಚುವ ಕುರ್ಚಿ ಒಂದು ತನ್ನಿ. ಬೀಚಿನ ತಗ್ಗು ಕುರ್ಚಿಯಲ್ಲಿ ಕೂತರೆ ಅವರಿಗೆ ಏಳಲು ಕಷ್ಟವಾಗುತ್ತದೆ.